ಮೊದಲ ಪ್ಲಾಟ್‌ಫಾರ್ಮರ್ ಗೇಮ್: ಜಿಗಿತದಿಂದ ಶುರು ಮಾಡಿ

ಗೇಮ್ ಡಿಸೈನ್ ಕಲಿಯಬೇಕು ಅಂತ ಹೊರಡುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲು ಕಥೆ ಬರೆಯುತ್ತಾರೆ. ಆಮೇಲೆ ನಾಯಕನ ಚಿತ್ರ, ಮೆನು, ಹಿನ್ನೆಲೆ ಸಂಗೀತ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಚಂದದ ಮೆನು ಇರುತ್ತದೆ, ಆಡೋದಕ್ಕೆ ಗೇಮ್ ಇರುವುದಿಲ್ಲ. ಈ ಲೇಖನದಲ್ಲಿ ಹೇಳುವ ದಾರಿ ಬೇರೆ. ಕಥೆ ಬೇಡ, ಚಿತ್ರ ಬೇಡ. ಒಂದು ಡಬ್ಬಿ, ಒಂದು ನೆಲ, ಒಂದು ಜಿಗಿತ. ಅಲ್ಲಿಂದ ಶುರು.

ಪ್ಲಾಟ್‌ಫಾರ್ಮರ್ ಅಂದರೆ ಓಡುತ್ತಾ, ಜಿಗಿಯುತ್ತಾ ಒಂದು ಕಟ್ಟೆಯಿಂದ ಇನ್ನೊಂದಕ್ಕೆ ದಾಟುವ ಆಟ. 1981ರಲ್ಲಿ ಬಂದ ನಿಂಟೆಂಡೊದ ಡಾಂಕಿ ಕಾಂಗ್‌ನಲ್ಲಿ ಉರುಳಿ ಬರುವ ಪೀಪಾಯಿಗಳ ಮೇಲೆ ಹಾರಬೇಕಿತ್ತು. 1985ರ ಸೂಪರ್ ಮಾರಿಯೊ ಬ್ರದರ್ಸ್‌ನಲ್ಲಿ ಶತ್ರುವಿನ ತಲೆ ಮೇಲೆ ಹಾರಿದರೆ ಅದು ಸಾಯುತ್ತದೆ, ಕೆಲವು ಇಟ್ಟಿಗೆಗಳಿಗೆ ಕೆಳಗಿನಿಂದ ಹಾರಿ ಗುದ್ದಿದರೆ ನಾಣ್ಯ ಬರುತ್ತದೆ. ನೋಡಿ, ಎಲ್ಲವೂ ಒಂದೇ ಬಟನ್‌ನಿಂದ. ಆಡುವವರು ಇಡೀ ಆಟದಲ್ಲಿ ಸಾವಿರಾರು ಸಲ ಮಾಡುವ ಕೆಲಸ ಅದು. ಆ ಕೆಲಸವೇ ಹಿತವಾಗಿಲ್ಲ ಅಂದರೆ ಬೇರೆ ಯಾವುದೂ ಆಟವನ್ನು ಉಳಿಸುವುದಿಲ್ಲ. ಆದ್ದರಿಂದ ಮೊದಲು ಜಿಗಿತ ಸರಿ ಮಾಡಿ. ಆ ಜಿಗಿತವನ್ನೇ ಅಳತೆಗೋಲು ಮಾಡಿಕೊಂಡು ಲೆವೆಲ್ ಕಟ್ಟಿ. ಉಳಿದದ್ದೆಲ್ಲ ಆಮೇಲೆ.

ಪ್ರೊಟೊಟೈಪ್ ಎಷ್ಟು ಚಿಕ್ಕದಿರಬೇಕು

ಪ್ರೊಟೊಟೈಪ್ ಅಂದರೆ ಒಂದು ಪ್ರಶ್ನೆಗೆ ಉತ್ತರ ಹುಡುಕಲು ಮಾಡುವ ಒರಟು ಆಟ. ಆ ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪ್‌ಗೆ ಅಂಟಿಸಿಕೊಳ್ಳಿ. "ಗಾಳಿಯಲ್ಲಿ ಒಂದೇ ಸಲ ದಿಕ್ಕು ಬದಲಿಸಬಹುದಾದರೆ ಆಡಲು ಮಜಾ ಇರುತ್ತದಾ?" ಇದು ಒಳ್ಳೆಯ ಪ್ರಶ್ನೆ. "ಒಳ್ಳೆಯ ಸಾಹಸದ ಗೇಮ್ ಮಾಡಬೇಕು" ಅನ್ನುವುದು ಪ್ರಶ್ನೆಯೇ ಅಲ್ಲ, ಅದಕ್ಕೆ ಉತ್ತರ ಸಿಕ್ಕಿತೋ ಇಲ್ಲವೋ ಅಂತ ತಿಳಿಯುವುದೇ ಇಲ್ಲ. ಹೊಸ ಐಡಿಯಾ ಹೊಳೆಯದಿದ್ದರೂ ತೊಂದರೆ ಇಲ್ಲ. "ಸುಮ್ನೆ ಓಡಿ ಜಿಗಿಯುವುದೇ ಐದು ನಿಮಿಷ ಬೇಸರವಾಗದಂತೆ ಮಾಡಬಹುದಾ?" ಮೊದಲ ಗೇಮ್‌ಗೆ ಇಷ್ಟು ಸಾಕು.

ಸೆಲೆಸ್ಟ್ ಅನ್ನುವ ಪ್ಲಾಟ್‌ಫಾರ್ಮರ್ 2018ರಲ್ಲಿ ಬಂದು ಜಗತ್ತಿನಾದ್ಯಂತ ಹೆಸರು ಮಾಡಿತು. ಅದರ ಮೊದಲ ರೂಪವನ್ನು ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರ್ರಿ 2015ರಲ್ಲಿ ನಾಲ್ಕೇ ದಿನದಲ್ಲಿ ಮಾಡಿದ್ದರು. ಅವರು ಬಳಸಿದ್ದು ಪುಟ್ಟ ಆಟಗಳನ್ನು ಮಾಡುವ ಪಿಕೊ-8 ಅನ್ನುವ ಸಾಫ್ಟ್‌ವೇರ್. ಅದರಲ್ಲಿ 128 ಪಿಕ್ಸೆಲ್ ಅಗಲ, 128 ಪಿಕ್ಸೆಲ್ ಎತ್ತರದ ಪರದೆ, 16 ಬಣ್ಣ, ಅಷ್ಟೇ. ಆ ಪುಟ್ಟ ಆಟದಲ್ಲಿ ಜಿಗಿತ, ಗೋಡೆಯಿಂದ ಜಿಗಿಯುವುದು, ಗಾಳಿಯಲ್ಲಿ ಒಂದು ಸಲ ನುಗ್ಗುವುದು ಇದ್ದವು. ದೊಡ್ಡ ಆಟದ ಬೆನ್ನೆಲುಬೂ ಅದೇ. ಬೇಕಿದ್ದರೆ ಎರಡನ್ನೂ ಆಡಿ ನೋಡಿ. ಪಿಕೊ-8ರ ಮೂಲ ಆಟ ಬ್ರೌಸರ್‌ನಲ್ಲೇ ಉಚಿತವಾಗಿ ಸಿಗುತ್ತದೆ.

ನಿಮ್ಮ ಗುರಿ ಮೂರು ಲೆವೆಲ್, ಒಟ್ಟು ಐದು ನಿಮಿಷದ ಆಟ. ಸಮಯ ಎರಡು ವಾರ, ಕ್ಲಾಸ್ ಮುಗಿಸಿ ದಿನಕ್ಕೆ ಒಂದೆರಡು ಗಂಟೆ. ಸೇವ್ ಮಾಡುವ ವ್ಯವಸ್ಥೆ, ಅಂಗಡಿ, ಸಂಭಾಷಣೆ, ಬುದ್ಧಿವಂತ ಶತ್ರುಗಳು, ಇವನ್ನೆಲ್ಲ "ಆಮೇಲೆ" ಅನ್ನುವ ಪಟ್ಟಿಗೆ ಹಾಕಿಬಿಡಿ.

ಸಾಮಾನು

ಗೇಮ್ ಕಟ್ಟುವ ಸಾಫ್ಟ್‌ವೇರ್‌ಗೆ ಎಂಜಿನ್ ಅನ್ನುತ್ತಾರೆ. ನಾನು ಗೊಡೊ ಎಂಜಿನ್ ಹೇಳುತ್ತೇನೆ. ಉಚಿತ, ಓಪನ್ ಸೋರ್ಸ್, ಸಣ್ಣ ಡೌನ್‌ಲೋಡ್. ಹಳೆಯ ಲ್ಯಾಪ್‌ಟಾಪ್‌ನಲ್ಲೂ 2ಡಿ ಕೆಲಸ ಚೆನ್ನಾಗಿ ನಡೆಯುತ್ತದೆ. ನಿಮ್ಮ ಕಾಲೇಜಿನಲ್ಲಿ ಯೂನಿಟಿ ಕಲಿಸುತ್ತಿದ್ದರೆ ಅದರಲ್ಲೇ ಮಾಡಿ, ಕೆಳಗಿನ ಲೆಕ್ಕಗಳೆಲ್ಲ ಅಲ್ಲೂ ನಡೆಯುತ್ತವೆ. ಎಂಜಿನ್ ಯಾವುದು ಅಂತ ವಾರಗಟ್ಟಲೆ ಚರ್ಚೆ ಮಾತ್ರ ಬೇಡ.

ಗೊಡೊದ 4ನೇ ಆವೃತ್ತಿಯಲ್ಲಿ ಹೊಸ ಪ್ರಾಜೆಕ್ಟ್ ತೆರೆಯುವಾಗ ರೆಂಡರರ್ (ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗ) ಯಾವುದು ಅಂತ ಕೇಳುತ್ತದೆ. "ಕಂಪ್ಯಾಟಿಬಿಲಿಟಿ" ಆರಿಸಿ. ಹಳೆಯ ಗ್ರಾಫಿಕ್ಸ್ ಇರುವ ಕಂಪ್ಯೂಟರ್‌ಗೂ ಅದೇ ಸರಿ, ಕೊನೆಗೆ ಬ್ರೌಸರ್‌ಗೆ ಎಕ್ಸ್‌ಪೋರ್ಟ್ ಮಾಡಲೂ ಅದೇ ಬೇಕು. ಸ್ಕ್ರಿಪ್ಟ್‌ಗೆ ಜಿಡಿಸ್ಕ್ರಿಪ್ಟ್ ಬಳಸಿ. ಪೈಥಾನ್ ನೋಡಿದವರಿಗೆ ಅದು ಬೇಗ ಹಿಡಿಯುತ್ತದೆ. ಸಿ ಶಾರ್ಪ್‌ನಲ್ಲಿ ಬರೆದರೆ ಗೊಡೊ 4ರಿಂದ ಬ್ರೌಸರ್‌ಗೆ ಎಕ್ಸ್‌ಪೋರ್ಟ್ ಮಾಡಲು ಆಗುವುದಿಲ್ಲ.

ಪರದೆಯ ಮೂಲ ಅಳತೆ 640 x 360 ಇಡಿ. ಮೂರು ಪಟ್ಟು ಮಾಡಿದರೆ ಸರಿಯಾಗಿ 1920 x 1080 ಆಗುತ್ತದೆ. ಟೈಲ್, ಅಂದರೆ ಲೆವೆಲ್ ಕಟ್ಟುವ ಚೌಕ, 16 ಪಿಕ್ಸೆಲ್. ಇದರ ಜೊತೆಗೆ ಒಂದು ಗ್ರಾಫ್ ಪುಸ್ತಕ ಮತ್ತು ಪೆನ್ಸಿಲ್ ಇಟ್ಟುಕೊಳ್ಳಿ. ಗ್ರಾಫ್ ಪುಸ್ತಕವನ್ನು ಬಿಡಬೇಡಿ, ಲೆವೆಲ್ ಮಾಡುವಾಗ ಅದು ಬೇಕೇ ಬೇಕು.

ಬೂದು ಡಬ್ಬಿ

ಗೊಡೊದಲ್ಲಿ ಆಟದ ಬಿಡಿ ಭಾಗಕ್ಕೆ ನೋಡ್, ಅವುಗಳನ್ನು ಜೋಡಿಸಿದ ಗುಂಪಿಗೆ ಸೀನ್ ಅನ್ನುತ್ತಾರೆ. ಹೊಸ ಸೀನ್‌ನಲ್ಲಿ ಕ್ಯಾರೆಕ್ಟರ್‌ಬಾಡಿ2ಡಿ ನೋಡ್ ಹಾಕಿ. ಅದರ ಒಳಗೆ ತಾಗುವ ಜಾಗವನ್ನು ಗುರುತಿಸುವ ಕಾಲಿಷನ್‌ಶೇಪ್2ಡಿ, ಮತ್ತು ಕಾಣಿಸಲು ಒಂದು ಕಲರ್‌ರೆಕ್ಟ್. ಡಬ್ಬಿಯ ಅಗಲ 12 ಪಿಕ್ಸೆಲ್, ಎತ್ತರ 16. ಕಾಲಿಷನ್ ಆಕಾರ ಆಯತವೇ ಇರಲಿ. ಕ್ಯಾಪ್ಸೂಲ್ ಹಾಕಿದರೆ ಅದರ ಗುಂಡಗಿನ ತಳ ಕಟ್ಟೆಯ ಅಂಚಿನಲ್ಲಿ ಜಾರುತ್ತದೆ. ಆಡುವವರಿಗೆ ತಾವು ನಿಂತಿದ್ದೇವೋ ಬೀಳುತ್ತಿದ್ದೇವೋ ಗೊತ್ತಾಗುವುದಿಲ್ಲ.

ಈ ನೋಡ್‌ಗೆ ಸ್ಕ್ರಿಪ್ಟ್ ಸೇರಿಸುವಾಗ ಗೊಡೊ ಒಂದು ಸಿದ್ಧ ಮಾದರಿ ಕೊಡುತ್ತದೆ. ಅದರಲ್ಲಿ ಓಟದ ವೇಗ 300, ಜಿಗಿತದ ವೇಗ ಮೈನಸ್ 400. ಗುರುತ್ವ ಪ್ರಾಜೆಕ್ಟ್ ಸೆಟ್ಟಿಂಗ್‌ನಿಂದ ಬರುತ್ತದೆ, 980. ಮೈನಸ್ ಯಾಕೆ ಅಂದರೆ ಪರದೆಯಲ್ಲಿ ಕೆಳಗಿನ ದಿಕ್ಕು ಪ್ಲಸ್. ಒಮ್ಮೆ ಆಡಿ ನೋಡಿ. ಓಡುತ್ತದೆ, ಹಾರುತ್ತದೆ. ಆದರೆ ನಮ್ಮ ಪುಟ್ಟ ಪರದೆಗೆ ಓಟ ವಿಪರೀತ, ಜಿಗಿತ ಬಲೂನಿನ ಹಾಗೆ ತೇಲುತ್ತದೆ. ಹೆಚ್ಚಿನವರು ಇಲ್ಲಿ ಸಂಖ್ಯೆಗಳನ್ನು ಅಂದಾಜಿನ ಮೇಲೆ ತಿರುಚಲು ಶುರು ಮಾಡುತ್ತಾರೆ. ಬೇಡ. ಲೆಕ್ಕ ಮಾಡಿ.

ಜಿಗಿತದ ಲೆಕ್ಕ

ಒಂಬತ್ತನೇ ತರಗತಿಯಲ್ಲಿ ಚಲನೆಯ ಸಮೀಕರಣ ಓದಿದ್ದೀರಿ, ಅಲ್ವಾ? ಅವೇ ಸಾಕು. ಗುರುತ್ವ ಎಷ್ಟಿರಬೇಕು ಅಂತ ಯೋಚಿಸಿದರೆ ಏನೂ ಹೊಳೆಯುವುದಿಲ್ಲ. ನಿಮ್ಮನ್ನು ನೀವು ಎರಡೇ ಪ್ರಶ್ನೆ ಕೇಳಿಕೊಳ್ಳಿ: ಎಷ್ಟು ಎತ್ತರ ಹಾರಬೇಕು? ತುದಿ ಮುಟ್ಟಲು ಎಷ್ಟು ಹೊತ್ತು ಬೇಕು? ಇವೆರಡನ್ನು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳಬಹುದು. ಉಳಿದದ್ದು ತಾನಾಗಿ ಬರುತ್ತದೆ.

ಗುರುತ್ವ ಅಂದರೆ ಎತ್ತರದ ಎರಡರಷ್ಟನ್ನು ಸಮಯದ ವರ್ಗದಿಂದ ಭಾಗಿಸಿದ್ದು. ಜಿಗಿತದ ವೇಗ ಅಂದರೆ ಎತ್ತರದ ಎರಡರಷ್ಟನ್ನು ಸಮಯದಿಂದ ಭಾಗಿಸಿದ್ದು.

ಉದಾಹರಣೆಗೆ ಮೂರೂವರೆ ಟೈಲ್ ಎತ್ತರ, ಅಂದರೆ 56 ಪಿಕ್ಸೆಲ್. ತುದಿಗೆ 0.4 ಸೆಕೆಂಡ್. ಗುರುತ್ವ 112 ಭಾಗಿಸು 0.16, ಅಂದರೆ 700. ವೇಗ 112 ಭಾಗಿಸು 0.4, ಅಂದರೆ 280. ಓಟದ ವೇಗ ಸೆಕೆಂಡಿಗೆ 120 ಪಿಕ್ಸೆಲ್ ಇಟ್ಟರೆ, ಏರಲು 0.4, ಇಳಿಯಲು 0.4, ಒಟ್ಟು 0.8 ಸೆಕೆಂಡಿನಲ್ಲಿ 96 ಪಿಕ್ಸೆಲ್ ದಾಟುತ್ತೀರಿ. ಸರಿಯಾಗಿ ಆರು ಟೈಲ್.

ಆಡಿದರೆ ಇನ್ನೂ ಸ್ವಲ್ಪ ತೇಲಿದಂತೆ ಅನಿಸುತ್ತದೆ. ಇಳಿಯುವಾಗ ಮಾತ್ರ ಗುರುತ್ವವನ್ನು ಒಂದೂವರೆ ಪಟ್ಟು ಮಾಡಿ, 1050. ಈಗ ಇಳಿಯಲು ಸುಮಾರು 0.33 ಸೆಕೆಂಡ್ ಸಾಕು. ಉದ್ದ 87 ಪಿಕ್ಸೆಲ್‌ಗೆ ಬರುತ್ತದೆ, ಐದೂವರೆ ಟೈಲ್‌ಗಿಂತ ಚೂರು ಕಡಿಮೆ. ಡಬ್ಬಿಗೆ ತೂಕ ಬಂದ ಹಾಗಾಗುತ್ತದೆ. ಬೀಳುವ ವೇಗಕ್ಕೂ ಒಂದು ಮಿತಿ ಹಾಕಿ, 350 ಇರಲಿ. ಇಲ್ಲದಿದ್ದರೆ ಎತ್ತರದಿಂದ ಬೀಳುವಾಗ ಕಣ್ಣು ಹಿಡಿಯಲಾರದಷ್ಟು ವೇಗ ಬರುತ್ತದೆ.

ಒಂದು ಎಚ್ಚರ. ಎಂಜಿನ್ ಸೆಕೆಂಡಿಗೆ 60 ಸಲ ತುಂಡು ತುಂಡಾಗಿ ಲೆಕ್ಕ ಹಾಕುತ್ತದೆ. ಆದ್ದರಿಂದ ನಿಜವಾದ ಎತ್ತರ 56ಕ್ಕಿಂತ ಎರಡು ಮೂರು ಪಿಕ್ಸೆಲ್ ಆಚೀಚೆ ಆಗಬಹುದು. ಮೂರು ಟೈಲ್ ಎತ್ತರದ ಕಟ್ಟೆ ಹತ್ತಬೇಕಾದರೆ ಮೂರೂವರೆ ಟೈಲ್ ಜಿಗಿತ ಇಡುವುದು ಈ ಕಾರಣಕ್ಕೂ ಒಳ್ಳೆಯದು. ಅಂಚು ಸಿಗದೆ ಬೀಳುವ ಕಿರಿಕಿರಿ ತಪ್ಪುತ್ತದೆ.

ಎತ್ತರ, ಸಮಯ, ಓಟದ ವೇಗ, ಈ ಮೂರನ್ನೂ ಎಕ್ಸ್‌ಪೋರ್ಟ್ ವೇರಿಯಬಲ್ ಮಾಡಿ. ಆಗ ಇನ್‌ಸ್ಪೆಕ್ಟರ್‌ನಲ್ಲೇ ಬದಲಿಸಬಹುದು, ಗುರುತ್ವ ಮತ್ತು ವೇಗವನ್ನು ಸ್ಕ್ರಿಪ್ಟ್ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಒಂದು ಸಲಕ್ಕೆ ಒಂದೇ ಸಂಖ್ಯೆ ಬದಲಿಸಿ. ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ: ಏನು ಬದಲಿಸಿದೆ, ಯಾಕೆ, ಆಡಿದಾಗ ಏನನ್ನಿಸಿತು. ಪ್ರಾಜೆಕ್ಟ್ ರಿಪೋರ್ಟ್ ಬರೆಯುವಾಗ, ಮುಂದೆ ಕೆಲಸಕ್ಕೆ ಪೋರ್ಟ್‌ಫೋಲಿಯೊ ತೋರಿಸುವಾಗ, ಈ ಸಾಲುಗಳಿಗೆ ತುಂಬಾ ಬೆಲೆ ಇದೆ. ನೀವು ಹೇಗೆ ಯೋಚಿಸುತ್ತೀರಿ ಅನ್ನುವುದು ಅಲ್ಲೇ ಕಾಣುತ್ತದೆ.

ಆಡುವವರ ಪರವಾಗಿ ನಿಲ್ಲುವ ಕೋಡ್

ಇದು ನನಗೆ ಎಲ್ಲಕ್ಕಿಂತ ಇಷ್ಟದ ಭಾಗ. ಮನುಷ್ಯರ ಬೆರಳು ಗಡಿಯಾರದಷ್ಟು ಕರಾರುವಾಕ್ಕಲ್ಲ. ಅಂಚಿಗೆ ಬಂದೆ ಅಂತ ಬಟನ್ ಒತ್ತುವಷ್ಟರಲ್ಲಿ ಡಬ್ಬಿ ಅಂಚು ದಾಟಿರುತ್ತದೆ. ಕೋಡ್ ಕಟ್ಟುನಿಟ್ಟಾಗಿದ್ದರೆ ಜಿಗಿತ ಆಗುವುದಿಲ್ಲ. "ನಾನು ಒತ್ತಿದ್ದೆ!" ಅಂತ ಅವರು ಸಿಟ್ಟಾಗುತ್ತಾರೆ. ಅವರ ಸಿಟ್ಟು ನ್ಯಾಯವಾದದ್ದೇ.

ಮೊದಲನೆಯದು ಕೊಯೋಟಿ ಟೈಮ್. ಅಂಚು ದಾಟಿದ ಮೇಲೂ 0.1 ಸೆಕೆಂಡ್, ಅಂದರೆ ಆರು ಫ್ರೇಮ್, ಜಿಗಿಯಲು ಅವಕಾಶ ಕೊಡಿ. ಒಂದು ಟೈಮರ್ ವೇರಿಯಬಲ್ ಇಡಿ. ನೆಲದ ಮೇಲೆ ಇರುವಾಗ ಅದು 0.1. ಗಾಳಿಯಲ್ಲಿ ಪ್ರತಿ ಫ್ರೇಮ್‌ಗೆ ಇಳಿಯುತ್ತಾ ಹೋಗಲಿ. ಅದು ಸೊನ್ನೆಗಿಂತ ಜಾಸ್ತಿ ಇರುವ ತನಕ ಜಿಗಿತಕ್ಕೆ ಒಪ್ಪಿಗೆ.

ಎರಡನೆಯದು ಜಂಪ್ ಬಫರ್. ನೆಲ ಮುಟ್ಟುವ ಸ್ವಲ್ಪ ಮೊದಲೇ ಬಟನ್ ಒತ್ತಿದರೆ ಅದನ್ನು 0.1 ಸೆಕೆಂಡ್ ನೆನಪಿಟ್ಟುಕೊಂಡು, ನೆಲ ಮುಟ್ಟಿದ ಕೂಡಲೇ ಜಿಗಿಸಿ. ಇದಕ್ಕೂ ಒಂದು ಟೈಮರ್. ಜಿಗಿತ ಆದ ಕೂಡಲೇ ಎರಡೂ ಟೈಮರ್‌ಗಳನ್ನು ಸೊನ್ನೆ ಮಾಡಲೇಬೇಕು. ಮರೆತರೆ ಗಾಳಿಯಲ್ಲಿ ಇನ್ನೊಂದು ಜಿಗಿತ ಬಿಟ್ಟಿ ಸಿಗುತ್ತದೆ. ಈ ಬಗ್ ತುಂಬಾ ಸಾಮಾನ್ಯ.

ಮೂರನೆಯದು ಎತ್ತರದ ಹಿಡಿತ. ಬಟನ್ ಬೇಗ ಬಿಟ್ಟರೆ ಗಿಡ್ಡ ಜಿಗಿತ, ಹಿಡಿದರೆ ಪೂರ್ತಿ ಜಿಗಿತ. ಬಟನ್ ಬಿಟ್ಟಾಗ ಡಬ್ಬಿ ಇನ್ನೂ ಏರುತ್ತಿದ್ದರೆ ಅದರ ಏರುವ ವೇಗವನ್ನು ಅರ್ಧ ಮಾಡಿ. ಅಲ್ಲಿಂದ ಮುಂದೆ ಏರಬೇಕಿದ್ದ ಎತ್ತರ ಕಾಲು ಭಾಗಕ್ಕೆ ಇಳಿಯುತ್ತದೆ. ಸೂಪರ್ ಮಾರಿಯೊ ಬ್ರದರ್ಸ್‌ನಲ್ಲೇ ಈ ಹಿಡಿತ ಇತ್ತು.

ಸೆಲೆಸ್ಟ್ ತಂಡ ತಮ್ಮ ಆಟಗಾರ್ತಿಯ ಕೋಡನ್ನು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಅಲ್ಲಿಯೂ ಅಂಚಿನ ರಿಯಾಯಿತಿ 0.1 ಸೆಕೆಂಡೇ. ಜೊತೆಗೆ ಬಟನ್ ಹಿಡಿದಿದ್ದರೆ ಜಿಗಿತದ ತುದಿಯಲ್ಲಿ ಗುರುತ್ವ ಅರ್ಧವಾಗುತ್ತದೆ, ಎಲ್ಲಿ ಇಳಿಯಬೇಕು ಅಂತ ನೋಡಿಕೊಳ್ಳಲು ಒಂದು ಕ್ಷಣ ಜಾಸ್ತಿ ಸಿಗುತ್ತದೆ. ತಲೆ ಮೂಲೆಗೆ ಚೂರೇ ತಗುಲಿದರೆ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ದಾರಿ ಬಿಡುತ್ತದೆ. ಕಷ್ಟದ ಆಟ ಅಂತಲೇ ಹೆಸರಾದ ಆಟದಲ್ಲಿ ಇಷ್ಟೊಂದು ಕರುಣೆ! ಒಮ್ಮೆ ಕೂತು ಆ ಕಡತ ಓದಿ. ಉದ್ದ ಇದೆ, ಪರವಾಗಿಲ್ಲ, ಮೇಲಿನ ಸ್ಥಿರ ಸಂಖ್ಯೆಗಳನ್ನು ಓದಿದರೂ ಬಹಳ ತಿಳಿಯುತ್ತದೆ.

ಇದೇ ಮನಸ್ಸು ಮುಳ್ಳು, ನಾಣ್ಯಗಳಿಗೂ ಇರಲಿ. ಮುಳ್ಳಿನ ತಾಗುವ ಜಾಗ ಕಾಣುವ ಚಿತ್ರಕ್ಕಿಂತ ಚಿಕ್ಕದಿರಲಿ, ನಾಣ್ಯದ್ದು ದೊಡ್ಡದಿರಲಿ.

ಓಟಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಿಂತಲ್ಲಿಂದ ಪೂರ್ತಿ ವೇಗಕ್ಕೆ 0.1 ಸೆಕೆಂಡ್, ನಿಲ್ಲಲು ಅದಕ್ಕಿಂತ ಚೂರು ಕಡಿಮೆ. ಕ್ಯಾಮೆರಾಗೆ ಸ್ಮೂದಿಂಗ್ ಹಾಕಿ, ಲೆವೆಲ್‌ನ ಅಂಚುಗಳಿಗೆ ಮಿತಿ ಹಾಕಿ. ಪ್ರತಿ ಜಿಗಿತಕ್ಕೂ ಕ್ಯಾಮೆರಾ ಮೇಲೆ ಕೆಳಗೆ ಕುಣಿಯದಂತೆ ನೋಡಿಕೊಳ್ಳಿ, ತಲೆ ತಿರುಗುತ್ತದೆ. ಮೊದಲ ಆಟಕ್ಕೆ ಒಂದು ಪರದೆಗೆ ಒಂದು ಲೆವೆಲ್ ಅಂತ ಇಟ್ಟುಕೊಂಡರೆ ಕ್ಯಾಮೆರಾದ ಗೊಡವೆಯೇ ಇಲ್ಲ.

ಮುಂದಿನ ಹಂತಕ್ಕೆ ಹೋಗುವ ಮೊದಲು ಒಂದು ಪರೀಕ್ಷೆ. ಖಾಲಿ ನೆಲದ ಮೇಲೆ, ಯಾವ ಗುರಿಯೂ ಇಲ್ಲದೆ, ಸುಮ್ನೆ ಹಾರುತ್ತಾ ಓಡಾಡಿ. ನಿಲ್ಲಿಸಲು ಮನಸ್ಸಾಗದಿದ್ದರೆ ಜಿಗಿತ ಸಿದ್ಧ. ಬೇಸರವಾದರೆ ಮತ್ತೆ ಎತ್ತರ, ಸಮಯಗಳ ಬಳಿ ಹೋಗಿ.

ಅಳತೆ ತೆಗೆದು ಲೆವೆಲ್ ಕಟ್ಟುವುದು

ಈಗ ಜಿಗಿತವನ್ನು ಆಟದೊಳಗೇ ಅಳೆಯಿರಿ. ಒಂದು ಖಾಲಿ ಸೀನ್‌ನಲ್ಲಿ ಎರಡು, ಮೂರು, ನಾಲ್ಕು ಟೈಲ್ ಹೀಗೆ ಅಗಲವಾಗುತ್ತಾ ಹೋಗುವ ಹೊಂಡಗಳ ಸಾಲು ಮಾಡಿ. ಪಕ್ಕದಲ್ಲಿ ಎತ್ತರವಾಗುತ್ತಾ ಹೋಗುವ ಕಟ್ಟೆಗಳು. ಎಲ್ಲಿವರೆಗೆ ಆರಾಮಾಗಿ ದಾಟುತ್ತೀರಿ, ಎಲ್ಲಿ ಒದ್ದಾಡುತ್ತೀರಿ, ಎಲ್ಲಿ ಸಾಧ್ಯವೇ ಇಲ್ಲ, ಬರೆದುಕೊಳ್ಳಿ. ಕಾಗದದ ಲೆಕ್ಕಕ್ಕಿಂತ ಇಲ್ಲಿ ಚೂರು ಜಾಸ್ತಿಯೇ ದಾಟುತ್ತೀರಿ, ಯಾಕೆಂದರೆ ಡಬ್ಬಿಯ ಒಂದು ಮೂಲೆ ಕಟ್ಟೆಯ ಮೇಲಿದ್ದರೂ ಸಾಕು, ಮೇಲೆ ಕೊಯೋಟಿ ಟೈಮ್ ಬೇರೆ. ನಮ್ಮ ಸಂಖ್ಯೆಗಳಿಗೆ ಮೂರು ಟೈಲ್ ಹೊಂಡ ಸುಲಭ, ನಾಲ್ಕು ಮಧ್ಯಮ, ಐದು ಕಷ್ಟ ಅಂತ ಇಟ್ಟುಕೊಳ್ಳಿ. ಇದಾದ ಮೇಲೆ ಜಿಗಿತದ ಸಂಖ್ಯೆ ಮುಟ್ಟಬೇಡಿ. ಮುಟ್ಟಿದರೆ ಕಟ್ಟಿದ ಲೆವೆಲ್‌ಗಳೆಲ್ಲ ಕೆಡುತ್ತವೆ.

ಗ್ರಾಫ್ ಪುಸ್ತಕ ಈಗ ತೆಗೆಯಿರಿ. ಒಂದು ಚೌಕ ಒಂದು ಟೈಲ್. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಸೂಪರ್ ಮಾರಿಯೊ ಬ್ರದರ್ಸ್‌ನ ಲೆವೆಲ್‌ಗಳನ್ನು ಹೀಗೆಯೇ ಗ್ರಾಫ್ ಹಾಳೆಯ ಮೇಲೆ ಕೈಯಲ್ಲಿ ಬಿಡಿಸುತ್ತಿದ್ದರು. ಆ ಆಟದ ಮೊದಲ ಲೆವೆಲನ್ನು ನಿಧಾನವಾಗಿ ಗಮನಿಸಿ. ಮಾರಿಯೊ ಪರದೆಯ ಎಡಭಾಗದಲ್ಲಿ ಬಲಕ್ಕೆ ಮುಖ ಮಾಡಿ ನಿಂತಿದ್ದಾನೆ, ಬಲಗಡೆ ಖಾಲಿ. ಎತ್ತ ಹೋಗಬೇಕು ಅಂತ ಯಾರೂ ಹೇಳಬೇಕಿಲ್ಲ. ಸ್ವಲ್ಪ ಮುಂದೆ ಒಂದೇ ಒಂದು ಶತ್ರು ನಿಧಾನಕ್ಕೆ ಎದುರಿಗೆ ಬರುತ್ತದೆ. ಹಾರದಿದ್ದರೆ ಸಾಯುತ್ತೀರಿ, ಆದರೆ ಆಟ ಶುರುವಾಗಿ ಕೆಲವೇ ಕ್ಷಣ ಆಗಿರುವುದರಿಂದ ಕಳೆದುಕೊಳ್ಳುವುದು ಏನೂ ಇಲ್ಲ.

ಅದೇ ಲೆವೆಲ್‌ನ ಕೊನೆಯ ಕಡೆ ಇನ್ನೂ ಸೊಗಸಾದ ಜಾಗವಿದೆ. ಎದುರು ಬದುರು ಎರಡು ಮೆಟ್ಟಿಲ ಗುಡ್ಡೆಗಳು, ನಡುವೆ ನೆಲ ಇದೆ. ತಪ್ಪಿ ಬಿದ್ದರೆ ಏನೂ ಆಗುವುದಿಲ್ಲ, ಮತ್ತೆ ಹತ್ತಬಹುದು. ಅದರ ಮುಂದೆಯೇ ಅಂಥದ್ದೇ ಇನ್ನೊಂದು ಜೋಡಿ, ಈ ಸಲ ನಡುವೆ ಹೊಂಡ. ಮೊದಲು ಅಪಾಯವಿಲ್ಲದೆ ಅಭ್ಯಾಸ, ಆಮೇಲೆ ಅಪಾಯದ ಜೊತೆ ಅದೇ ಕೆಲಸ. ಒಂದು ಅಕ್ಷರದ ಸೂಚನೆಯೂ ಇಲ್ಲದೆ ಪಾಠ ಮುಗಿಯಿತು.

ನಿಮ್ಮ ಮೂರು ಲೆವೆಲ್‌ಗಳನ್ನೂ ಹೀಗೆ ಯೋಚಿಸಿ. ಒಂದು ಹೊಸ ವಸ್ತು ಆರಿಸಿ, ಉದಾಹರಣೆಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೆ ಕುಸಿಯುವ ಕಟ್ಟೆ. ಮೊದಲ ಲೆವೆಲ್‌ನಲ್ಲಿ ಅದರ ಕೆಳಗೆ ಗಟ್ಟಿ ನೆಲ ಇರಲಿ. ಎರಡನೆಯದರಲ್ಲಿ ಕೆಳಗೆ ಮುಳ್ಳು. ಮೂರನೆಯದರಲ್ಲಿ ತಿರುವು ಕೊಡಿ: ಕೆಳಗಿನ ದಾರಿಗೆ ಹೋಗಬೇಕಾದರೆ ಕಟ್ಟೆ ಕುಸಿಯುವ ತನಕ ಅದರ ಮೇಲೆ ನಿಂತೇ ಇರಬೇಕು. ಇಷ್ಟು ಹೊತ್ತು ಹೆದರಿ ಓಡುತ್ತಿದ್ದವರು ಈಗ ಬೇಕಂತಲೇ ನಿಲ್ಲಬೇಕು. ಒಂದೇ ವಸ್ತು, ಮೂರು ಅನುಭವ. ಹೊಸ ಹೊಸ ವಸ್ತು ಸೇರಿಸುವ ಆಸೆ ಬಂದಾಗಲೆಲ್ಲ ಇದನ್ನು ನೆನಪಿಸಿಕೊಳ್ಳಿ.

ಕಾಗದದಲ್ಲಿ ಬಿಡಿಸಿದ ಮೇಲೆ ಟೈಲ್‌ಮ್ಯಾಪ್‌ಲೇಯರ್ ನೋಡ್‌ನಲ್ಲಿ ಬೂದು ಟೈಲ್‌ಗಳಿಂದಲೇ ಕಟ್ಟಿ. ಸತ್ತ ಮೇಲೆ ಮತ್ತೆ ಶುರುವಾಗಲು ಒಂದು ಸೆಕೆಂಡಿಗಿಂತ ಜಾಸ್ತಿ ಹಿಡಿಯಬಾರದು. "ಗೇಮ್ ಓವರ್" ಪರದೆ ಬೇಡ. ಮೊದಲ ಲೆವೆಲನ್ನು ಕೊನೆಗೆ ಕಟ್ಟಿ. ಉಳಿದೆರಡು ಕಟ್ಟಿದ ಮೇಲೆಯೇ ಆಡುವವರಿಗೆ ಮೊದಲು ಏನು ಕಲಿಸಬೇಕು ಅಂತ ನಿಮಗೆ ಸ್ಪಷ್ಟವಾಗುವುದು.

ಬೇರೆಯವರ ಕೈಗೆ ಕೊಡುವುದು

ನಿಮ್ಮ ಆಟವನ್ನು ನೀವೇ ನೂರಾರು ಸಲ ಆಡಿರುತ್ತೀರಿ. ಅದು ಕಷ್ಟವೋ ಸುಲಭವೋ ಅಂತ ನಿಮಗೆ ತಿಳಿಯುವ ಸಾಧ್ಯತೆಯೇ ಇಲ್ಲ. ಹಾಸ್ಟೆಲಿನ ಗೆಳೆಯರು, ಮನೆಯಲ್ಲಿ ತಮ್ಮನೋ ತಂಗಿಯೋ, ಗೇಮ್ ಮುಟ್ಟದ ಅಮ್ಮ ಅಥವಾ ಚಿಕ್ಕಮ್ಮ, ಹೀಗೆ ನಾಲ್ಕೈದು ಬಗೆಯ ಜನರನ್ನು ಕೂರಿಸಿ. ಚಿತ್ರ ಬಿಡಿಸುವ ಮೊದಲೇ ಇದು ಆಗಬೇಕು. ಚಂದದ ಚಿತ್ರ ಹಾಕಿದ ಲೆವೆಲನ್ನು ಕಿತ್ತು ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ.

ಯಾವ ಕೀ ಏನು ಮಾಡುತ್ತದೆ ಅಂತ ಹೇಳಿ, ಆಮೇಲೆ ಬಾಯಿ ಮುಚ್ಚಿಕೊಂಡು ಕೂತುಕೊಳ್ಳಿ. "ಅಲ್ಲಿ ಅಲ್ಲ, ಮೇಲೆ ಹಾರು" ಅನ್ನಲು ನಾಲಿಗೆ ತುರಿಸುತ್ತದೆ. ತಡೆದುಕೊಳ್ಳಿ. ಗೇಮ್ ಡೌನ್‌ಲೋಡ್ ಮಾಡಿಕೊಂಡವರ ಪಕ್ಕದಲ್ಲಿ ನೀವು ಇರುವುದಿಲ್ಲವಲ್ಲ. ಗ್ರಾಫ್ ಹಾಳೆಯ ಮೇಲೆ ಅವರು ಸತ್ತ ಪ್ರತಿ ಜಾಗಕ್ಕೂ ಒಂದು ಚುಕ್ಕೆ ಇಡಿ. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಪೆನ್. ಒಪ್ಪಿದರೆ ಒಬಿಎಸ್ ಅನ್ನುವ ಸಾಫ್ಟ್‌ವೇರ್‌ನಿಂದ ಪರದೆ ರೆಕಾರ್ಡ್ ಮಾಡಿಕೊಳ್ಳಿ, ಅದೂ ಉಚಿತ.

ಚುಕ್ಕೆಗಳು ಮಾತಾಡುತ್ತವೆ. ಆಚೆ ದಡದ ಸ್ವಲ್ಪ ಈಚೆಗೆ ಗುಂಪಾಗಿದ್ದರೆ ಹೊಂಡ ಜಿಗಿತದ ಮಿತಿಗೆ ತೀರಾ ಹತ್ತಿರ ಇದೆ. ದಡ ದಾಟಿ ಮುಂದೆ ಬಿದ್ದಿದ್ದರೆ ಇಳಿಯುವ ಕಟ್ಟೆ ಕಿರಿದು, ಅಥವಾ ಗಾಳಿಯಲ್ಲಿ ಹಿಡಿತ ಕಡಿಮೆ. ಸಾಯದೆ ಒಂದೇ ಕಡೆ ನಿಂತು ನೋಡುತ್ತಿದ್ದರೆ ದಾರಿ ಯಾವುದು ಅಂತ ಕಾಣುತ್ತಿಲ್ಲ. ಎಲ್ಲ ಬಣ್ಣಗಳೂ ಒಂದೇ ಜಾಗದಲ್ಲಿದ್ದರೆ ತಪ್ಪು ಲೆವೆಲ್‌ನದು. ಒಬ್ಬರದು ಮಾತ್ರ ಇದ್ದರೆ ಅವಸರ ಪಡಬೇಡಿ, ಇನ್ನೂ ಇಬ್ಬರಿಗೆ ಆಡಿಸಿ.

ಆಡಿ ಮುಗಿದ ಮೇಲೆ "ಚೆನ್ನಾಗಿತ್ತಾ?" ಅಂತ ಕೇಳಬೇಡಿ. ಗೆಳೆಯರು ಹೌದು ಅಂತಲೇ ಹೇಳುತ್ತಾರೆ. "ಎಲ್ಲಿ ಬಿಟ್ಟುಬಿಡೋಣ ಅನ್ನಿಸಿತು?", "ಆ ಕಟ್ಟೆ ಏನು ಮಾಡುತ್ತೆ ಅಂದುಕೊಂಡೆ?" ಅಂತ ಕೇಳಿ. ಅವರು ಕೊಡುವ ಪರಿಹಾರಕ್ಕಿಂತ ಅವರ ತೊಂದರೆಯನ್ನು ನಂಬಿ. "ಜಿಗಿತ ಇನ್ನೂ ಎತ್ತರ ಮಾಡು" ಅಂತ ಹೇಳಿದವರಿಗೆ ನಿಜವಾಗಿ ಇಳಿಯುವ ಜಾಗ ಪರದೆಯಲ್ಲಿ ಕಾಣದೆ ಇದ್ದಿರಬಹುದು. ಸರಿಪಡಿಸಿ, ಆಟ ನೋಡದ ಹೊಸಬರಿಗೆ ಮತ್ತೆ ಆಡಿಸಿ. ಒಮ್ಮೆ ಆಡಿದವರು ಎರಡನೇ ಸಲ ಹೊಸಬರಾಗಿ ಉಳಿದಿರುವುದಿಲ್ಲ.

ಚಿತ್ರ, ಸದ್ದು, ಕನ್ನಡ

ಈಗ ಬಣ್ಣ ಹಚ್ಚಬಹುದು. ಚಿತ್ರ ಬರೆಯಲು ಬಾರದಿದ್ದರೆ ಕೆನ್ನಿ ಅನ್ನುವ ತಾಣದಲ್ಲಿ ಪ್ಲಾಟ್‌ಫಾರ್ಮರ್‌ಗೆ ಬೇಕಾದ ಟೈಲ್‌ಗಳು ಸಿಸಿ0 ಪರವಾನಗಿಯಲ್ಲಿ ಸಿಗುತ್ತವೆ, ಯಾರು ಬೇಕಾದರೂ ಬಳಸಬಹುದು. ಜಿಗಿತದ ಸದ್ದು, ನಾಣ್ಯದ ಸದ್ದಿಗೆ ಬ್ರೌಸರ್‌ನಲ್ಲೇ ನಡೆಯುವ ಜೆಎಸ್‌ಎಫ್‌ಎಕ್ಸ್‌ಆರ್ ಇದೆ, ಒಂದು ಬಟನ್ ಒತ್ತಿದರೆ ಸದ್ದು ತಯಾರು. ಹಾರುವಾಗ ಡಬ್ಬಿ ಚೂರು ಉದ್ದವಾಗಲಿ, ನೆಲಕ್ಕೆ ಇಳಿದಾಗ ಚೂರು ಚಪ್ಪಟೆಯಾಗಲಿ, ಕಾಲ ಬಳಿ ನಾಲ್ಕು ಧೂಳಿನ ಚುಕ್ಕೆ ಏಳಲಿ. ಚಿತ್ರ ಮಾತ್ರ ಹಿಗ್ಗಬೇಕು ಕುಗ್ಗಬೇಕು, ಕಾಲಿಷನ್ ಆಕಾರ ಹಾಗೆಯೇ ಇರಬೇಕು.

ಆಟದ ಮಾತುಗಳನ್ನು ಕನ್ನಡದಲ್ಲೇ ಬರೆಯಿರಿ ಅಂತ ಆಸೆಯಿಂದ ಕೇಳಿಕೊಳ್ಳುತ್ತೇನೆ. ಗೊಡೊದ 3ನೇ ಆವೃತ್ತಿಯಲ್ಲಿ ಒತ್ತಕ್ಷರಗಳು ಒಡೆದು ಕಾಣುತ್ತಿದ್ದವು. 4ನೇ ಆವೃತ್ತಿಯಲ್ಲಿ ಅಕ್ಷರ ಜೋಡಿಸಲು ಹಾರ್ಫ್‌ಬಜ್ ಬಂದಿದೆ. "ಮತ್ತೊಮ್ಮೆ ಪ್ರಯತ್ನಿಸಿ" ಅಂತ ಬರೆದರೆ ಒತ್ತುಗಳು ಸರಿಯಾಗಿ ಕೂರುತ್ತವೆ. ನೋಟೊ ಸಾನ್ಸ್ ಕನ್ನಡ ಫಾಂಟ್ ಇಳಿಸಿಕೊಂಡು ಪ್ರಾಜೆಕ್ಟ್‌ಗೆ ಸೇರಿಸಿ, ಥೀಮ್‌ನಲ್ಲಿ ಅದನ್ನೇ ಮೂಲ ಫಾಂಟ್ ಮಾಡಿ. ಫಾಂಟ್ ಸೇರಿಸದೆ ಬಿಟ್ಟರೆ ಬ್ರೌಸರ್‌ನಲ್ಲಿ ಅಕ್ಷರದ ಬದಲು ಚೌಕಗಳು ಕಾಣಬಹುದು. ಒತ್ತಕ್ಷರ ಕೆಳಗೆ ಇಳಿಯುವುದರಿಂದ ಅಕ್ಷರದ ಗಾತ್ರ ಮತ್ತು ಸಾಲುಗಳ ಅಂತರ ಇಂಗ್ಲಿಷ್‌ಗಿಂತ ಸ್ವಲ್ಪ ಜಾಸ್ತಿ ಇಡಿ.

ಹೊರಗೆ ಬಿಡುವುದು

ವೆಬ್ ಎಕ್ಸ್‌ಪೋರ್ಟ್ ಆರಿಸಿ, ಮುಖ್ಯ ಕಡತಕ್ಕೆ "ಇಂಡೆಕ್ಸ್" ಅಂತಲೇ ಹೆಸರಿಡಿ, ಎಲ್ಲ ಕಡತಗಳನ್ನೂ ಜಿಪ್ ಮಾಡಿ, ಆಟಗಳನ್ನು ಹಂಚುವ ಇಚ್ (itch.io) ತಾಣಕ್ಕೆ ಏರಿಸಿ. ಖಾತೆ ಉಚಿತ. ಪುಟದಲ್ಲಿ ಕೀಗಳ ವಿವರ, ಆಟದ ಒಂದು ಪುಟ್ಟ ಜಿಫ್, ಚಿತ್ರ ಮತ್ತು ಸದ್ದು ಎಲ್ಲಿಂದ ಬಂತು ಅನ್ನುವ ಕೃತಜ್ಞತೆ ಇರಲಿ. ಕೊಂಡಿಯನ್ನು ಹಂಚುವ ಮೊದಲು ಬೇರೆಯವರ ಕಂಪ್ಯೂಟರ್‌ನಲ್ಲಿ ಒಮ್ಮೆ ತೆರೆದು ನೋಡಿ.

ಆಮೇಲೆ ಲ್ಯಾಪ್‌ಟಾಪ್‌ಗೆ ಅಂಟಿಸಿದ ಚೀಟಿ ತೆಗೆದು, ಅಲ್ಲಿದ್ದ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಪುಸ್ತಕದಲ್ಲಿ ಬರೆಯಿರಿ. ಉತ್ತರ "ಮಜಾ ಇಲ್ಲ" ಅಂತಾದರೂ ಪ್ರೊಟೊಟೈಪ್ ತನ್ನ ಕೆಲಸ ಮಾಡಿದೆ. ಆಟಗಾರನ ಸೀನ್ ಮತ್ತು ಸ್ಕ್ರಿಪ್ಟನ್ನು ಬೇರೆ ಫೋಲ್ಡರ್‌ಗೆ ನಕಲು ಮಾಡಿ ಇಟ್ಟುಕೊಳ್ಳಿ. ಗೇಮ್ ಜ್ಯಾಮ್ ಅಂದರೆ ಸ್ವಲ್ಪವೇ ಸಮಯದಲ್ಲಿ ಒಂದು ಆಟ ಮಾಡಿ ಮುಗಿಸುವ ಕೂಟ. ಪ್ರತಿ ವರ್ಷ ಜನವರಿಯಲ್ಲಿ ಗ್ಲೋಬಲ್ ಗೇಮ್ ಜ್ಯಾಮ್ ನಡೆಯುತ್ತದೆ, 2009ರಿಂದಲೂ ಇದೆ. ಇಚ್ ತಾಣದಲ್ಲಂತೂ ವರ್ಷವಿಡೀ ಸಣ್ಣ ಜ್ಯಾಮ್‌ಗಳು ಇದ್ದೇ ಇರುತ್ತವೆ. ಎರಡು ದಿನದಲ್ಲಿ ಆಟ ಮಾಡಬೇಕಾದ ಆ ಹೊತ್ತಿನಲ್ಲಿ ಜಿಗಿತ ಆಗಲೇ ನಿಮ್ಮ ಬಳಿ ಸಿದ್ಧವಿರುತ್ತದೆ, ಪೂರ್ತಿ ಸಮಯವನ್ನು ಹೊಸ ಐಡಿಯಾಗೆ ಕೊಡಬಹುದು.